ಎಲ್ಲಿ ಕೂರಬೇಕು, ಎಲ್ಲಿಂದ ಓಡಬೇಕು: ಜಪಾನಿಗೆ ಹೊರಟವರ ಭೂಕಂಪದ ಪ್ರಶ್ನೆಗಳು

ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿತಾಕ್ಕೆ ನೇರ ವಿಮಾನ ಬಂದ ಮೇಲೆ ಈ ಅಂಕಣಕ್ಕೆ ಜಪಾನ್ ಪ್ರವಾಸದ ಪ್ರಶ್ನೆಗಳು ಹೆಚ್ಚಾಗಿವೆ. ಅವುಗಳಲ್ಲಿ ಭೂಕಂಪದ ಬಗ್ಗೆ ಕೇಳಿದವನ್ನೇ ಆರಿಸಿ ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಾಲ್ವರು ಹತ್ತು ದಿನ ಟೋಕಿಯೊ, ಕ್ಯೋಟೊ, ಹಿರೋಶಿಮಾ ನೋಡಲು ಹೊರಟಿದ್ದೇವೆ. ‘ದೊಡ್ಡ ಭೂಕಂಪ ಬರುತ್ತದಂತೆ, ಬೇಡ’ ಎಂದು ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಟಿಕೆಟ್ ರದ್ದು ಮಾಡಬೇಕೆ? (ಓದುಗರು, ದಾವಣಗೆರೆ)

ಉತ್ತರ: ಬೇಡ, ಹೋಗಿ ಬನ್ನಿ. ಇಂಥ ದಿನ, ಇಂಥ ಜಾಗ, ಇಷ್ಟು ದೊಡ್ಡದು ಎಂದು ಭೂಕಂಪಕ್ಕೆ ಮುಹೂರ್ತ ಹೇಳುವ ವಿದ್ಯೆ ಇವತ್ತಿಗೂ ಯಾರ ಬಳಿಯೂ ಇಲ್ಲ. 2025ರ ಜುಲೈನಲ್ಲಿ ಮಹಾದುರಂತ ಕಾದಿದೆ ಎಂಬ ವದಂತಿ ಹಬ್ಬಿ ಹಾಂಗ್‌ಕಾಂಗ್‌ನಿಂದ ಜಪಾನಿಗೆ ಹೋಗುವ ವಿಮಾನಗಳನ್ನೇ ಕಡಿಮೆ ಮಾಡಿದರು. ಜಪಾನಿನ ಹವಾಮಾನ ಸಂಸ್ಥೆ ಅದು ಬುಡವಿಲ್ಲದ ಮಾತೆಂದು ಹೇಳಿತ್ತು. ಆ ದುರಂತ ನಡೆಯಲೂ ಇಲ್ಲ.

ಹಾಗೆಂದು ನಿಮ್ಮ ನೆಂಟರ ಭಯ ಪೂರ್ತಿ ಸುಳ್ಳೂ ಅಲ್ಲ. ಮನುಷ್ಯರ ಅನುಭವಕ್ಕೆ ಬರುವ ಕಂಪನಗಳೇ ಅಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ದೇಶದ ದಕ್ಷಿಣ ಕರಾವಳಿಯ ಉದ್ದಕ್ಕೂ ಸಮುದ್ರದಡಿ ನಂಕಾಯ್ ಕಂದಕವಿದೆ. ಫಿಲಿಪೀನ್ಸ್ ಸಮುದ್ರದ ಶಿಲಾಫಲಕ ಅಲ್ಲಿ ಜಪಾನಿನ ಅಡಿಗೆ ನುಗ್ಗುತ್ತಿದೆ. 2024ರ ಆಗಸ್ಟ್ 8ರಂದು ಮಿಯಾಜಾಕಿ ಕರಾವಳಿಯಾಚೆ 7.1 ತೀವ್ರತೆಯ ಭೂಕಂಪವಾದಾಗ, ಈ ಕಂದಕದಲ್ಲಿ ಇನ್ನೂ ದೊಡ್ಡದೊಂದು ಆಗುವ ಸಾಧ್ಯತೆ ಮಾಮೂಲಿಗಿಂತ ಹೆಚ್ಚಿದೆ ಎಂದು ಸರ್ಕಾರ ಮೊದಲ ಬಾರಿಗೆ ಜಾಗ್ರತಾ ಪ್ರಕಟಣೆ ಹೊರಡಿಸಿತು. ಅದು ಒಂದು ವಾರ ಇತ್ತು. ಬುಲೆಟ್ ರೈಲುಗಳು ಕೆಲವು ಕಡೆ ವೇಗ ತಗ್ಗಿಸಿದವು, ಕೆಲವು ಬೀಚುಗಳು ಮುಚ್ಚಿದವು, ಉಳಿದಂತೆ ಬದುಕು ನಡೆಯಿತು. ‘ಸಾಧ್ಯತೆ ಹೆಚ್ಚಿದೆ’ ಎಂದರೆ ‘ಬಂದೇ ಬರುತ್ತದೆ’ ಎಂದಲ್ಲ. ನೀವಿರುವಾಗ ಇಂಥ ಪ್ರಕಟಣೆ ಬಂದರೆ ಟೋಕಿಯೊ, ಕ್ಯೋಟೊ ಬಿಟ್ಟು ಓಡಿಬರಬೇಕಾಗಿಲ್ಲ. ಕೋಚಿ, ವಕಯಾಮಾ, ಶಿಜುವೊಕಾ, ಮಿಯಾಜಾಕಿಯ ಕಡಲತೀರದ ಕಾರ್ಯಕ್ರಮವನ್ನು ಮಾತ್ರ ಕೈಬಿಡಿ. ಇದಕ್ಕಿಂತ ಮೇಲಿನ ಹಂತದ ಪ್ರಕಟಣೆಯೂ ಒಂದಿದೆ. ಅದು ಬಂದರೆ ತಗ್ಗಿನ ಕರಾವಳಿಯ ಜನ ಭೂಕಂಪಕ್ಕೆ ಕಾಯದೆ ವಾರದ ಮಟ್ಟಿಗೆ ಜಾಗ ಬಿಡಬೇಕಾಗುತ್ತದೆ. ಆಗ ನೀವು ಆ ಕಡೆ ಇರಲೇಬಾರದು.

ಪ್ರವಾಸ ವಿಮೆಯನ್ನು ಟಿಕೆಟ್ ಮಾಡಿಸಿದ ದಿನವೇ ಮಾಡಿಸಿ. ಪ್ರಕಟಣೆ ಹೊರಬಿದ್ದ ಮೇಲೆ ಕೊಂಡರೆ ‘ಮೊದಲೇ ಗೊತ್ತಿದ್ದ ಅಪಾಯ’ ಎಂದು ಹಣ ನಿರಾಕರಿಸಬಹುದು.

ಪ್ರಶ್ನೆ: 1993ರ ಕಿಲ್ಲಾರಿ ಭೂಕಂಪ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಭೂಮಿ ನಡುಗಿದರೆ ಮನೆಯಿಂದ ಹೊರಗೆ ಓಡು ಎಂದೇ ಹಿರಿಯರು ಕಲಿಸಿದ್ದು. ಜಪಾನಿನಲ್ಲಿ ಓಡಬೇಡಿ, ಮೇಜಿನ ಕೆಳಗೆ ಕೂರಿ ಎನ್ನುತ್ತಾರಂತೆ. ಯಾವುದು ಸರಿ? (ಓದುಗರು, ಬಸವಕಲ್ಯಾಣ)

ಉತ್ತರ: ಎರಡೂ ಅವುಗಳ ಜಾಗದಲ್ಲಿ ಸರಿ. ಕಿಲ್ಲಾರಿಯಲ್ಲಿ ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಣ್ಣಿನ ಮಾಳಿಗೆ. ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ, ಎಲ್ಲರೂ ಮಲಗಿದ್ದಾಗ ಅವು ಕುಸಿದವು. ಕಲ್ಲಿಗೂ ಕಲ್ಲಿಗೂ ಹಿಡಿತವಿಲ್ಲದ ಅಂಥ ಮನೆಯಲ್ಲಿ ಮೇಜಿನ ಕೆಳಗೆ ಕೂತರೂ ಉಳಿಗಾಲವಿಲ್ಲ. ಬಾಗಿಲು ಹತ್ತಿರವಿದ್ದರೆ ಬಯಲಿಗೆ ಓಡುವುದೇ ವಿವೇಕ.

ಜಪಾನಿನಲ್ಲಿ 1981ರ ಜೂನ್‌ನಿಂದ ಕಟ್ಟಡದ ನಿಯಮ ಬದಲಾಯಿತು. ಭಾರಿ ಕಂಪನದಲ್ಲಿ ಬಿರುಕು ಬಿಟ್ಟರೂ ಕುಸಿದು ಒಳಗಿನವರನ್ನು ಕೊಲ್ಲಬಾರದು ಎಂಬುದು ಆ ನಿಯಮದ ಗುರಿ. ನೀವು ಉಳಿಯುವ ಹೋಟೆಲ್ ಅದಾದ ಮೇಲೆ ಕಟ್ಟಿದ್ದಾದರೆ ನಿಮ್ಮ ಮೇಲೆ ಬೀಳುವುದು ಚಾವಣಿಯಲ್ಲ; ಟಿವಿ, ಕಪಾಟು, ದೀಪ, ಗಾಜು. ಹೊರಗೆ ಓಡಿದಿರೋ, ಐದನೇ ಮಹಡಿಯ ಕಿಟಕಿ ಗಾಜು, ನಾಮಫಲಕ, ಹೆಂಚು ಎಲ್ಲ ಸರಿಯಾಗಿ ಬಾಗಿಲ ಮುಂದೆಯೇ ಸುರಿಯುತ್ತಿರುತ್ತವೆ. 2018ರ ಜೂನ್ 18ರ ಬೆಳಿಗ್ಗೆ ಒಸಾಕಾ ಭೂಕಂಪದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಒಂಬತ್ತು ವರ್ಷದ ಹುಡುಗಿ ಸತ್ತದ್ದು ಶಾಲೆಯ ಕಾಂಪೌಂಡಿನ ಬ್ಲಾಕ್ ಗೋಡೆ ಬಿದ್ದು. ಬೀದಿಯಲ್ಲಿದ್ದಾಗ ಗೋಡೆ, ಪಾನೀಯ ಮಾರುವ ಯಂತ್ರ, ದೇವಸ್ಥಾನದ ಕಲ್ಲಿನ ದೀಪಸ್ತಂಭ ಇವುಗಳಿಂದ ಸರಿದು ನಿಲ್ಲಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಕಾರಣ, ಓಡಲು ಆಗುವುದೇ ಇಲ್ಲ. ಕಂಪನ ಜೋರಾದರೆ ನಿಲ್ಲುವುದೇ ಕಷ್ಟ, ಇನ್ನೂ ಜೋರಾದರೆ ತೆವಳಬೇಕಾಗುತ್ತದೆ. ಓಡಲು ಹೋದವರು ಮೆಟ್ಟಿಲಲ್ಲಿ ಉರುಳಿ ಕೈಕಾಲು ಮುರಿದುಕೊಳ್ಳುತ್ತಾರೆ.

ಮೇಜಿನ ಕೆಳಗೆ ಕೂರುವುದಕ್ಕೂ ಒಂದು ಕ್ರಮವಿದೆ. ಮಂಡಿಯೂರಿ ಒಳಗೆ ಹೋಗಿ, ಒಂದು ಕೈಯಲ್ಲಿ ಮೇಜಿನ ಕಾಲನ್ನು ಭದ್ರವಾಗಿ ಹಿಡಿಯಿರಿ, ಇನ್ನೊಂದು ಕೈಯಿಂದ ಹೆಡತಲೆ ಮುಚ್ಚಿಕೊಳ್ಳಿ. ಕಾಲನ್ನು ಹಿಡಿಯದೆ ಸುಮ್ಮನೆ ಕೂತರೆ ಮೇಜು ಸರಿದು ನಿಮ್ಮನ್ನು ಬಿಟ್ಟು ಹೋಗುತ್ತದೆ. ಅದು ಸರಿದತ್ತ ನೀವೂ ಸರಿಯಬೇಕು. ಮೇಜಿಲ್ಲವೆ? ಕಿಟಕಿಯಿಂದ ದೂರ, ಒಳಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ದಿಂಬನ್ನೋ ಬ್ಯಾಗನ್ನೋ ಇಟ್ಟುಕೊಳ್ಳಿ. ಹಾಸಿಗೆಯಲ್ಲಿದ್ದರೆ ಅಲ್ಲೇ ಬೋರಲಾಗಿ ದಿಂಬಿನಡಿ ತಲೆಯಿಡಿ. ಮೇಜಿನ ಅಡಿಗಲ್ಲ, ಪಕ್ಕಕ್ಕೆ ಮಲಗಬೇಕು ಎಂದು ವಾಟ್ಸಾಪಿನಲ್ಲಿ ಸುತ್ತುವ ‘ಜೀವತ್ರಿಕೋನ’ದ ಸಲಹೆಯನ್ನು ದಯವಿಟ್ಟು ಮರೆತುಬಿಡಿ.

ಒಂದು ಅಪವಾದ ಹೇಳಲೇಬೇಕು. ಕ್ಯೋಟೊದಲ್ಲಿ ಹಳೆಯ ಮರದ ಮನೆಗಳನ್ನು ಅತಿಥಿಗೃಹ ಮಾಡಿದ್ದಾರೆ, ನೋಡಲು ಬಲು ಸೊಗಸು. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಸತ್ತ 6,434 ಜನರಲ್ಲಿ ಹೆಚ್ಚಿನವರು ಇಂಥ ಹಳೆಯ, ಹೆಂಚಿನ ಭಾರ ಹೊತ್ತ ಮರದ ಮನೆಗಳ ಅಡಿಯಲ್ಲಿ ಸಿಕ್ಕಿದವರು. ನೆಲಮಹಡಿ ಜಜ್ಜಿಹೋಗಿ ಮೇಲ್ಮಹಡಿ ಹಾಗೇ ಕೆಳಗಿಳಿದಿತ್ತು. ಬುಕ್ ಮಾಡುವ ಮುನ್ನ ಭೂಕಂಪಕ್ಕೆ ಬಲಪಡಿಸಿದ್ದಾರೆಯೇ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ನೋಡಿ, ಇಲ್ಲವೇ ಮೇಲಿನ ಕೋಣೆ ಪಡೆಯಿರಿ. ನಡುಗುವಾಗ ಅಲ್ಲಿಂದ ಕೆಳಗಿಳಿಯಬೇಡಿ.

ಪ್ರಶ್ನೆ: ಜಪಾನಿನಲ್ಲಿ ಭೂಕಂಪಕ್ಕೆ ಮೊದಲೇ ಮೊಬೈಲ್ ಕೂಗಿಕೊಳ್ಳುತ್ತದೆಯಂತೆ, ನಿಜವೆ? ನಮ್ಮ ಇಂಡಿಯಾ ಫೋನಿಗೂ ಬರುತ್ತದೆಯೆ? (ಓದುಗರು, ಹುಬ್ಬಳ್ಳಿ)

ಉತ್ತರ: ನಿಜ, ಆದರೆ ‘ಮೊದಲೇ’ ಎಂದರೆ ಕೆಲವೇ ಸೆಕೆಂಡು. ನೆಲದೊಳಗಿಂದ ಎರಡು ಅಲೆ ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಆರೇಳು ಕಿ.ಮೀ. ಓಡುತ್ತದೆ, ಹಾನಿ ಕಡಿಮೆ. ಕಟ್ಟಡ ಅಲ್ಲಾಡಿಸುವ ಎರಡನೆಯದರ ವೇಗ ಸುಮಾರು ನಾಲ್ಕು ಕಿ.ಮೀ. ಮೊದಲನೆಯದನ್ನು ಹಿಡಿದ ಉಪಕರಣಗಳು ಎರಡನೆಯದು ಬರುವ ಮುನ್ನ ಸುದ್ದಿ ಮುಟ್ಟಿಸುತ್ತವೆ. ಕೇಂದ್ರ ನೂರು ಕಿ.ಮೀ. ದೂರವಿದ್ದರೆ ಹತ್ತು ಸೆಕೆಂಡಿನಷ್ಟು ಸಿಗಬಹುದು. ಕಾಲಡಿಯಲ್ಲೇ ಇದ್ದರೆ ಏನೂ ಸಿಗುವುದಿಲ್ಲ, ನಡುಕವೇ ಮೊದಲು. ಕರ್ಕಶ ಬಜರ್ ಜತೆ ‘ಜಿಶಿನ್ ದೆಸು’ ಎಂಬ ದನಿ ಬರುತ್ತದೆ. ‘ಭೂಕಂಪ’ ಎಂದರ್ಥ. ಆ ಕ್ಷಣ ಪರದೆ ಓದುತ್ತಾ ನಿಲ್ಲಬೇಡಿ, ತಲೆ ಕಾಯ್ದುಕೊಳ್ಳಿ. ಓದುವುದು ಆಮೇಲೆ.

ಭಾರತದಲ್ಲಿ ಕೊಂಡ ಫೋನುಗಳಿಗೆ ಇದು ಬರಬಹುದು, ಬರದೆಯೂ ಇರಬಹುದು. ಫೋನಿನ ಮಾದರಿ, ಸಿಮ್, ಸೆಟ್ಟಿಂಗ್ ಮೇಲೆ ಹೋಗುತ್ತದೆ. ಅಲ್ಲಿ ಇಳಿದ ಮೇಲೆ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ತುರ್ತು ಎಚ್ಚರಿಕೆ ಆನ್ ಮಾಡಿ. ಅದನ್ನೊಂದನ್ನೇ ನಂಬದೆ, ಜಪಾನಿನ ಪ್ರವಾಸೋದ್ಯಮ ಇಲಾಖೆಯ ಮೇಲ್ವಿಚಾರಣೆಯಲ್ಲಿರುವ ‘ಸೇಫ್ಟಿ ಟಿಪ್ಸ್’ ಆ್ಯಪನ್ನು ಊರಿನಲ್ಲೇ ಹಾಕಿಕೊಳ್ಳಿ. ಇಂಗ್ಲಿಷಿನಲ್ಲಿ ಸಿಗುತ್ತದೆ.

ಟಿವಿಯಲ್ಲಿ ಕಾಣುವ ಅಂಕಿಯ ಬಗ್ಗೆ ಒಂದು ಮಾತು. ನಾವು 7.1, 7.6 ಎಂದು ಕೇಳುವುದು ಭೂಕಂಪದ ಒಟ್ಟು ಶಕ್ತಿ. ಜಪಾನೀಯರು ನೋಡುವುದು ‘ಶಿಂದೊ’ವನ್ನು, ಅಂದರೆ ಆಯಾ ಊರಿನಲ್ಲಿ ನೆಲ ಎಷ್ಟು ಅಲುಗಿತು ಎಂಬುದನ್ನು. ಸೊನ್ನೆಯಿಂದ 7ರವರೆಗೆ ಇದೆ. 5 ಮತ್ತು 6ರಲ್ಲಿ ಕೆಳಗಿನದು, ಮೇಲಿನದು ಎಂದು ಎರಡೆರಡು ಭಾಗ. 3 ಎಂದರೆ ತೂಗುದೀಪ ಆಡುತ್ತದೆ, ಅಷ್ಟೆ. 5 ದಾಟಿದರೆ ಕಪಾಟಿನ ಸಾಮಾನು ಬೀಳುತ್ತದೆ. 6ಕ್ಕೆ ನಿಂತಲ್ಲಿ ನಿಲ್ಲಲಾಗದು. ಊರಿಗೆ ಫೋನ್ ಮಾಡಿ ಏಳೂವರೆ ಭೂಕಂಪ ಎಂದು ಗಾಬರಿ ಹುಟ್ಟಿಸುವ ಮುನ್ನ ನೀವಿರುವಲ್ಲಿ ಶಿಂದೊ ಎಷ್ಟು ಎಂದು ನೋಡಿಕೊಳ್ಳಿ.

ಹಲವು ಊರುಗಳಲ್ಲಿ ಸಂಜೆ ಐದರ ಹೊತ್ತಿಗೆ ಬೀದಿಯ ಧ್ವನಿವರ್ಧಕದಲ್ಲಿ ಒಂದು ರಾಗ ಕೇಳಿಸುತ್ತದೆ. ಅದಕ್ಕೆ ಹೆದರಬೇಡಿ. ವಿಪತ್ತಿನ ಧ್ವನಿವರ್ಧಕ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಹೀಗೆ ಪರೀಕ್ಷಿಸುತ್ತಾರೆ.

ಪ್ರಶ್ನೆ: ಟೋಕಿಯೊದಲ್ಲಿ ನಮಗೆ 24ನೇ ಮಹಡಿಯಲ್ಲಿ ಕೋಣೆ ಸಿಕ್ಕಿದೆ. ಬದಲಾಯಿಸಿಕೊಳ್ಳಬೇಕೆ? (ಓದುಗರು, ಬೆಂಗಳೂರು)

ಉತ್ತರ: ಅಗತ್ಯವಿಲ್ಲ. ಆದರೆ ಎತ್ತರದ ಕಟ್ಟಡ ಹೇಗೆ ವರ್ತಿಸುತ್ತದೆ ಎಂದು ತಿಳಿದಿರಲಿ. ದೂರದ ದೊಡ್ಡ ಭೂಕಂಪದ ನಿಧಾನದ ಅಲೆಗೆ ಅದು ತೆಂಗಿನ ಮರದಂತೆ ತೂಗುತ್ತದೆ. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ, ಅದರ ಕೇಂದ್ರದಿಂದ 700 ಕಿ.ಮೀ.ಗೂ ಆಚೆಯ ಒಸಾಕಾದಲ್ಲಿ, ನೆಲದ ಮೇಲೆ ಶಿಂದೊ ಬರೀ 3 ಇದ್ದಾಗ, 256 ಮೀಟರ್ ಎತ್ತರದ ಸರ್ಕಾರಿ ಕಟ್ಟಡವೊಂದು ಹತ್ತು ನಿಮಿಷ ತೂಗಿತು. ತುದಿಯಲ್ಲಿ ಅತ್ತಿಂದಿತ್ತ ಎರಡೂವರೆ ಮೀಟರಿಗೂ ಹೆಚ್ಚು. ಹೀಗೆ ತೂಗುವುದು ಮುರಿಯುವುದರ ಲಕ್ಷಣವಲ್ಲ. ಅಪಾಯವಿರುವುದು ಚಕ್ರವಿರುವ ಸಾಮಾನು ಅತ್ತಿತ್ತ ನುಗ್ಗುವುದರಲ್ಲಿ. ದೊಡ್ಡ ಸೂಟ್‌ಕೇಸನ್ನು ನಿಲ್ಲಿಸಬೇಡಿ, ಮಲಗಿಸಿಡಿ.

ಕೋಣೆಗೆ ಹೋದ ಮೊದಲ ಐದು ನಿಮಿಷ ಇದಕ್ಕೆ ಕೊಡಿ. ಬಾಗಿಲ ಒಳಬದಿಯಲ್ಲಿ ಮಹಡಿಯ ನಕ್ಷೆ ಅಂಟಿಸಿರುತ್ತಾರೆ. ನಿಮ್ಮ ಕೋಣೆಯಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ನಡೆದು ಎಣಿಸಿ ಬನ್ನಿ. ಹೊಗೆಯಲ್ಲಿ, ಕತ್ತಲಲ್ಲಿ ಕೈ ತಡವಿ ಲೆಕ್ಕ ಹಿಡಿಯಬಹುದು. ಮಂಚದ ಪಕ್ಕದಲ್ಲೋ ಬಟ್ಟೆಯ ಕಪಾಟಿನ ಹತ್ತಿರವೋ ಗೋಡೆಗೆ ಸಿಕ್ಕಿಸಿದ ಸಣ್ಣ ಟಾರ್ಚ್ ಇರುತ್ತದೆ. ಅದಕ್ಕೆ ಗುಂಡಿ ಇರುವುದಿಲ್ಲ, ಹಿಡಿಕೆಯಿಂದ ಎಳೆದರೆ ತಾನೇ ಹತ್ತುತ್ತದೆ. ಒಮ್ಮೆ ಎಳೆದು ನೋಡಿ ವಾಪಸು ಸಿಕ್ಕಿಸಿ. ಪಾಸ್‌ಪೋರ್ಟ್, ಔಷಧಿ, ಪವರ್ ಬ್ಯಾಂಕ್, ಕನ್ನಡಕ, ಒಂದು ಬಾಟಲಿ ನೀರು ಇಷ್ಟನ್ನು ಒಂದೇ ಕೈಚೀಲದಲ್ಲಿ ತಲೆದಿಂಬಿನ ಬಳಿ ಇಡಿ.

ಎಲ್ಲಕ್ಕಿಂತ ಮುಖ್ಯ, ಚಪ್ಪಲಿ. ಕತ್ತಲಲ್ಲಿ ಗಾಜಿನ ಚೂರು ತುಳಿದರೆ ಅಲ್ಲಿಗೆ ನಿಮ್ಮ ನಡಿಗೆ ಮುಗಿಯಿತು. ಗಟ್ಟಿ ಅಡಿಯ ಶೂ ಮಂಚದ ಪಕ್ಕದಲ್ಲೇ ಇರಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಚೂರು ಬೀಳದು. ಸಾಂಪ್ರದಾಯಿಕ ವಸತಿಗೃಹವಾದ ರ್‍ಯೋಕಾನ್‌ಗಳಲ್ಲಿ ಶೂವನ್ನು ಹೆಬ್ಬಾಗಿಲಲ್ಲೇ ಬಿಡಬೇಕು. ಅಲ್ಲಿಗಾಗಿ ಮಡಚಬಹುದಾದ, ಅಡಿ ಗಟ್ಟಿಯಿರುವ, ನೆಲಕ್ಕೆ ಮುಟ್ಟಿಸದ ಒಂದು ಜೊತೆ ಒಯ್ಯಿರಿ. ಬಿಸಿನೀರಿನ ಬುಗ್ಗೆಯ ಸ್ನಾನದಲ್ಲಿದ್ದಾಗ ನಡುಗಿದರೆ, ಕನ್ನಡಿಯಿಂದ ದೂರ ಸರಿದು ಮೈ ತೊಳೆಯುವ ಬೋಗುಣಿಯನ್ನೇ ತಲೆಗೆ ಕವುಚಿಕೊಳ್ಳಿ.

ನಡುಕ ನಿಂತ ಮೇಲೆ ಬಾಗಿಲು ತೆರೆದು ಸಂದಿಗೆ ಏನಾದರೂ ಸಿಕ್ಕಿಸಿ. ಚೌಕಟ್ಟು ಸೊಟ್ಟಗಾದರೆ ಮುಂದಿನ ಕಂಪನಕ್ಕೆ ಅದು ತೆರೆಯದೆ ಹೋಗಬಹುದು. ಲಿಫ್ಟ್ ಮುಟ್ಟಬೇಡಿ. ಮೊದಲನೆಯದೇ ದೊಡ್ಡದು ಎಂದು ನಿರಾಳವಾಗಲೂ ಬೇಡಿ: 2016ರ ಏಪ್ರಿಲ್ 14ರ ರಾತ್ರಿ ಕುಮಾಮೊಟೊದಲ್ಲಿ 6.5 ತೀವ್ರತೆಯ ಭೂಕಂಪವಾಯಿತು. ಆಯಿತಲ್ಲ ಎಂದು ಮನೆಗೆ ಮರಳಿ ಮಲಗಿದವರ ಮೇಲೆ 16ರ ನಸುಕಿನಲ್ಲಿ 7.3ರದ್ದು ಬಂತು.

ಪ್ರಶ್ನೆ: ರೈಲು, ಲಿಫ್ಟ್, ನೆಲದಡಿಯ ಮಾರುಕಟ್ಟೆಯಲ್ಲಿದ್ದಾಗ ಏನು ಮಾಡಬೇಕು? (ಓದುಗರು, ಮಂಗಳೂರು)

ಉತ್ತರ: ಬುಲೆಟ್ ರೈಲಿಗೆ ಎಚ್ಚರಿಕೆ ನಿಮಗಿಂತ ಮೊದಲೇ ತಲುಪಿ ತಾನೇ ಬ್ರೇಕ್ ಬೀಳುತ್ತದೆ. ಸೀಟಿನಲ್ಲಿ ಬಗ್ಗಿ ತಲೆ ಮುಚ್ಚಿಕೊಳ್ಳಿ. ನಿಂತ ಮೇಲೆ ಬಾಗಿಲು ಎಳೆದು ಹಳಿಗೆ ಇಳಿಯಬೇಡಿ, ಸಿಬ್ಬಂದಿ ಹೇಳಿದಂತೆ ಮಾಡಿ. ಗಂಟೆಗಟ್ಟಲೆ ಕೂರಬೇಕಾಗಬಹುದು, ಆದ್ದರಿಂದ ನೀರು ಜತೆಗಿರಲಿ.

ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಯ ಗುಂಡಿಗಳನ್ನೂ ಒತ್ತಿ, ಮೊದಲು ತೆರೆದಲ್ಲಿ ಇಳಿಯಿರಿ. ಸಿಕ್ಕಿಹಾಕಿಕೊಂಡರೆ ಗಂಟೆಯ ಚಿತ್ರವಿರುವ ಗುಂಡಿಯನ್ನು ಉತ್ತರ ಬರುವವರೆಗೆ ಒತ್ತಿ ಹಿಡಿಯಿರಿ. ಮೂಲೆಯಲ್ಲಿ ಸಣ್ಣ ಪೆಟ್ಟಿಗೆಯಿದ್ದರೆ ಅದರಲ್ಲಿ ನೀರು, ತಾತ್ಕಾಲಿಕ ಶೌಚದ ಚೀಲ ಇರುತ್ತವೆ.

ನೆಲದಡಿಯ ಮಾರುಕಟ್ಟೆ ಅಂದುಕೊಂಡಷ್ಟು ಅಪಾಯದ್ದಲ್ಲ. ಅಪಾಯ ಇರುವುದು ಎಲ್ಲರೂ ಒಂದೇ ಮೆಟ್ಟಿಲಿಗೆ ನುಗ್ಗುವುದರಲ್ಲಿ. ಸುಮಾರು 60 ಮೀಟರಿಗೊಂದು ಹೊರದಾರಿ ಇರುತ್ತದೆ. ಕಂಬವೋ ಗೋಡೆಯೋ ಹಿಡಿದು ನಿಂತು, ಆಮೇಲೆ ಗೋಡೆ ಸವರುತ್ತ ನಡೆಯಿರಿ.

ಪ್ರಶ್ನೆ: ಕಾಮಾಕುರಾ ಕಡಲತೀರಕ್ಕೆ ಮಕ್ಕಳೊಂದಿಗೆ ಹೋಗುತ್ತೇವೆ. ಸುನಾಮಿಯ ಎಚ್ಚರಿಕೆ ಬಂದ ಮೇಲೆ ಎಷ್ಟು ಸಮಯ ಸಿಗುತ್ತದೆ? (ಓದುಗರು, ಉಡುಪಿ)

ಉತ್ತರ: ಎಚ್ಚರಿಕೆಗೆ ಕಾಯಬೇಡಿ ಎನ್ನುವುದೇ ನಮ್ಮ ಉತ್ತರ. ಇಷ್ಟು ಹೊತ್ತು ಓಡಬೇಡಿ ಎಂದೆವಲ್ಲ, ಕಡಲ ಬದಿಯಲ್ಲಿ ಮಾತ್ರ ನಡುಕ ನಿಂತ ಕೂಡಲೇ ಓಡಬೇಕು. ಹವಾಮಾನ ಸಂಸ್ಥೆ ಸುಮಾರು ಮೂರು ನಿಮಿಷದಲ್ಲಿ ಪ್ರಕಟಣೆ ಕೊಡುತ್ತದೆ. ಆದರೆ 1993ರಲ್ಲಿ ಒಕುಶಿರಿ ದ್ವೀಪಕ್ಕೆ, 2024ರ ಜನವರಿ 1ರಂದು ನೋತೊ ಕರಾವಳಿಗೆ ಅಲೆ ಕೆಲವೇ ನಿಮಿಷಗಳಲ್ಲಿ ಬಂದಿತ್ತು. 1923ರಲ್ಲಿ ಕಾಮಾಕುರಾಕ್ಕೂ ಅಷ್ಟೇ ಬೇಗ ನುಗ್ಗಿತ್ತು.

ಮೆಲ್ಲಗೆ ನಡುಗಿದರೂ ಬಹಳ ಹೊತ್ತು, ನಿಮಿಷ ಮೀರಿ ನಡುಗಿದರೆ ಅದೂ ಸೂಚನೆಯೇ. 1896ರ ಜೂನ್ 15ರಂದು ಸನ್ರಿಕು ಕರಾವಳಿಯಲ್ಲಿ ನಡುಕ ಎಷ್ಟು ಹಗುರವಾಗಿತ್ತೆಂದರೆ ಜನ ಲೆಕ್ಕಿಸಲೇ ಇಲ್ಲ. ಅರ್ಧ ಗಂಟೆಯ ಬಳಿಕ ಬಂದ ಅಲೆಗೆ ಸುಮಾರು 22,000 ಜನ ಬಲಿಯಾದರು.

ದಡಕ್ಕೆ ಹೋದ ಕೂಡಲೇ, ಮಕ್ಕಳು ನೀರಿಗಿಳಿಯುವ ಮುನ್ನವೇ, ಹಸಿರು ಬಣ್ಣದ ಫಲಕ ಹುಡುಕಿ: ಅಲೆ, ಓಡುತ್ತಿರುವ ಮನುಷ್ಯ, ಮೇಲೆ ದಿಬ್ಬ. ಬಾಣದ ಗುರುತಿನತ್ತ ಎರಡು ನಿಮಿಷ ನಡೆದು ದಾರಿ ನೋಡಿಕೊಳ್ಳಿ. ದಿಬ್ಬ ದೂರವಿದ್ದರೆ ಸುನಾಮಿ ಆಶ್ರಯದ ಗುರುತಿರುವ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿಗೋ ಅದಕ್ಕೂ ಮೇಲಕ್ಕೋ ಹತ್ತಿ. ಹೊರಡುವಾಗ ಕಾರು ಬೇಡ, ರಸ್ತೆ ಕಟ್ಟಿಕೊಳ್ಳುತ್ತದೆ. ಬ್ಯಾಗು, ಬಟ್ಟೆಗೆ ಹಿಂದಿರುಗಬೇಡಿ. ನದಿಯ ದಂಡೆಗುಂಟ ಓಡಬೇಡಿ, ನದಿಗೆ ಬೆನ್ನು ಹಾಕಿ ಮೇಲಕ್ಕೆ ಹೋಗಿ: 2011ರಲ್ಲಿ ಕಿತಕಾಮಿ ನದಿಯಲ್ಲಿ ಸುನಾಮಿ 49 ಕಿ.ಮೀ. ಒಳಗೆ ಏರಿತ್ತು. ದಡದಲ್ಲಿ ಯಾರಾದರೂ ಕೆಂಪು ಬಿಳಿ ಚೌಕಳಿಯ ಬಾವುಟ ಬೀಸಿದರೆ, ‘ನಿಗೆತೆ’ ಎಂದು ಕೂಗಿದರೆ ಅದರ ಅರ್ಥ ‘ಓಡಿ’ ಎಂದೇ.

ಒಂದು ಮೀಟರಿನೊಳಗಿನ ಅಲೆಯ ಮುನ್ಸೂಚನೆ ಬಂದರೆ ‘ಇಷ್ಟೇನಾ’ ಎನ್ನಬೇಡಿ. ಅದು ಮಲ್ಪೆಯ ಅಲೆಯಂತೆ ಬಂದು ಹಿಂದೆ ಸರಿಯುವುದಲ್ಲ. ಇಡೀ ಕಡಲೇ ಮಟ್ಟ ಏರಿ ನಿಮಿಷಗಟ್ಟಲೆ ತಳ್ಳುತ್ತಲೇ ಇರುತ್ತದೆ. ಮೊಣಕಾಲೆತ್ತರದ ನೀರು ಸಾಕು, ಗಟ್ಟಿ ಆಳೂ ಉರುಳುತ್ತಾನೆ. ಎರಡನೆಯದು, ಮೂರನೆಯದು ಮೊದಲಿಗಿಂತ ದೊಡ್ಡದಿರಬಹುದು. ಎಚ್ಚರಿಕೆ ತೆಗೆಯುವವರೆಗೆ, ರಾತ್ರಿಯಿಡೀ ಆದರೂ, ಕೆಳಗಿಳಿಯಬೇಡಿ.

ಪ್ರಶ್ನೆ: ರೈಲು, ಕರೆಂಟು ಎಲ್ಲ ನಿಂತುಹೋದರೆ ಊಟ, ಫೋನು, ವಸತಿ ಹೇಗೆ? ನಾವು ಸಸ್ಯಾಹಾರಿಗಳು. (ಓದುಗರು, ಶಿರಸಿ)

ಉತ್ತರ: 2011ರ ಭೂಕಂಪದ ದಿನ ಟೋಕಿಯೊ ಸುತ್ತಮುತ್ತ ಅಂದಾಜು 51 ಲಕ್ಷಕ್ಕೂ ಹೆಚ್ಚು ಜನ ಮನೆ ತಲುಪಲಾಗದೆ ಉಳಿದರು. ಅಲ್ಲಿಂದೀಚೆಗೆ ನಗರಾಡಳಿತದ ಸೂಚನೆ ಒಂದೇ: ಸುರಕ್ಷಿತವಾಗಿದ್ದರೆ ಇದ್ದಲ್ಲೇ ಇರಿ. ಹೋಟೆಲ್ ಹಾನಿಯಾಗಿದ್ದರೆ ‘ಹಿನಾಂಜೊ’, ಅಂದರೆ ಆಶ್ರಯ ಕೇಂದ್ರ ಎಲ್ಲಿ ಎಂದು ಕೇಳಿ. ಸಾಮಾನ್ಯವಾಗಿ ಹತ್ತಿರದ ಶಾಲೆ. ಪ್ರವಾಸಿಗರನ್ನೂ ಸೇರಿಸಿಕೊಳ್ಳುತ್ತಾರೆ. ಸರದಿ ಪಾಲಿಸಿ, ಕೈಲಾದ ಕೆಲಸಕ್ಕೆ ಕೈಹಚ್ಚಿ.

2018ರ ಸೆಪ್ಟೆಂಬರ್ 6ರ ಭೂಕಂಪಕ್ಕೆ ಹೊಕ್ಕೈಡೊ ಇಡೀ ದ್ವೀಪದಲ್ಲಿ ಕರೆಂಟು ಹೋಯಿತು. ಕಾರ್ಡು ನಡೆಯಲಿಲ್ಲ, ಎಟಿಎಂ ನಡೆಯಲಿಲ್ಲ. ತೆರೆದಿದ್ದ ಅಂಗಡಿಗಳಲ್ಲಿ ನಗದು ಇದ್ದವರಿಗೆ ಸಾಮಾನು ಸಿಕ್ಕಿತು. ತಲೆಗೆ ಹತ್ತು ಸಾವಿರ ಯೆನ್‌ನಷ್ಟನ್ನು ಸಾವಿರದ ನೋಟು ಮತ್ತು ನಾಣ್ಯಗಳಲ್ಲಿ ಪ್ರತ್ಯೇಕವಾಗಿ ಇಟ್ಟಿರಿ.

ಊಟದ ವಿಷಯದಲ್ಲಿ ಪೂರ್ತಿ ಅವರ ಮೇಲೆ ಭಾರ ಹಾಕಬೇಡಿ. ಆಶ್ರಯ ಕೇಂದ್ರದಲ್ಲಿ ಸಿಗುವುದು ಬ್ರೆಡ್, ಬಿಸ್ಕತ್ತು, ಅನ್ನದ ಉಂಡೆ, ಒಣ ಅನ್ನದ ಪೊಟ್ಟಣ. ಮಸಾಲೆ ಸೇರಿಸಿದವುಗಳಲ್ಲಿ ಮೀನಿನ ಸಾರ ಇರುವುದೇ ಹೆಚ್ಚು. ಬರೀ ಬಿಳಿ ಅನ್ನದ ಪೊಟ್ಟಣ ಕೇಳಿ. ಬೇಯಿಸಿ ಒಣಗಿಸಿದ ಅನ್ನವದು. ಬಿಸಿನೀರು ಹಾಕಿದರೆ 15 ನಿಮಿಷಕ್ಕೆ, ತಣ್ಣೀರಿಗೆ ಒಂದು ಗಂಟೆಗೆ ತಿನ್ನುವಂತಾಗುತ್ತದೆ, ನಮ್ಮ ಅವಲಕ್ಕಿ ನೆನೆಯುವ ಹಾಗೆ. ಚಟ್ನಿಪುಡಿಯ ಒಂದು ಪೊಟ್ಟಣ ಇದ್ದರೆ ಊಟವೇ ಆಯಿತು. ಕೋಡುಬಳೆ, ಕಡಲೆಬೀಜದ ಚಿಕ್ಕಿ ಎರಡು ದಿನಕ್ಕಾಗುವಷ್ಟು ಕೊನೆಯವರೆಗೂ ಮುಟ್ಟದೆ ಇಡಿ. ನೀರು ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ. ಕೊಳಾಯಿ ಇನ್ನೂ ಬರುತ್ತಿದ್ದರೆ ಸಿಕ್ಕ ಪಾತ್ರೆ ತುಂಬಿಸಿ. ಶೌಚಾಲಯಕ್ಕೆ ಮಾತ್ರ ನೀರು ಹಾಕುವ ಮುನ್ನ ಹೋಟೆಲಿನವರನ್ನು ಕೇಳಿ: ಒಳಗಿನ ಪೈಪು ಒಡೆದಿದ್ದರೆ ಅದು ಕೆಳಗಿನ ಮಹಡಿಗೆ ಸುರಿಯುತ್ತದೆ.

ಫೋನ್ ಕರೆ ಹೋಗುವುದಿಲ್ಲ, ಸಂದೇಶ ಹೋಗುತ್ತದೆ. ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರಿಗೊಂದು ಸಂದೇಶ. ಉಳಿದವರೆಲ್ಲ ಅವರನ್ನೇ ಕೇಳಲಿ. ದುರಂತದ ಹೊತ್ತಿನಲ್ಲಿ ‘00000ಜಪಾನ್’ ಹೆಸರಿನ ಉಚಿತ ವೈಫೈ ತೆರೆಯುತ್ತಾರೆ. ಪಾಸ್‌ವರ್ಡ್ ಇಲ್ಲ, ಆದ್ದರಿಂದ ಬ್ಯಾಂಕ್ ವ್ಯವಹಾರ ಅದರಲ್ಲಿ ಬೇಡ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110. ಇಂಗ್ಲಿಷಿನಲ್ಲಿ ದಿನವಿಡೀ ನೆರವಾಗುವ ಪ್ರವಾಸಿಗರ ಸಹಾಯವಾಣಿ 050-3816-2787. ಹೊರಡುವ ಮುನ್ನ ಇವನ್ನು ಕಾಗದದಲ್ಲೂ ಬರೆದಿಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಮೂರು ತಿಂಗಳು ಯೊಕೊಹಾಮಾಕ್ಕೆ ಹೊರಟಿದ್ದೇನೆ. ನನಗೆ ಮಂಡಿನೋವು, ನೆಲಕ್ಕೆ ಕೂರಲಾಗದು. ಹಗಲೆಲ್ಲ ಮಗು, ಬಾಣಂತಿ, ನಾನು ಮೂವರೇ. (ಓದುಗರು, ಮೈಸೂರು)

ಉತ್ತರ: ಅಮ್ಮಾ, ನೀವು ಕೆಳಗೆ ಕೂರಲೇಬೇಕೆಂದಿಲ್ಲ. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ದಿಂಬಿನಿಂದ ತಲೆ, ಕತ್ತು ಮುಚ್ಚಿಕೊಳ್ಳಿ. ನಿಮ್ಮ ಕುರ್ಚಿ ಕಿಟಕಿ, ಕಪಾಟುಗಳಿಂದ ದೂರವಿರಲಿ.

ಅಲ್ಲಿಗೆ ಹೋಗಿ ಸೇರಿದ ವಾರದಲ್ಲೇ ಅಳಿಯಂದಿರಿಂದ ಒಂದು ಕೆಲಸ ಮಾಡಿಸಿ. ಮಗು ಮಲಗುವ ಕೋಣೆಯಲ್ಲಿ ಎತ್ತರದ ಕಪಾಟು ಇರಬಾರದು. ತೆಗೆಯಲಾಗದಿದ್ದರೆ ಕಪಾಟಿನ ತಲೆಗೂ ಚಾವಣಿಗೂ ನಡುವೆ ಬಿಗಿಯುವ ಕಂಬಿ, ಗೋಡೆಗೆ ಎಲ್ ಆಕಾರದ ಪಟ್ಟಿ ಹಾಕಿಸಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರನ್ನು ಕೇಳಬೇಕು, ಕಂಬಿಗೆ ಕೊರೆಯಬೇಕಿಲ್ಲ.

ಒಲೆ ಉರಿಯುತ್ತಿರುವಾಗ ನಡುಗಿದರೆ ಆರಿಸಲು ಧಾವಿಸಬೇಡಿ. ಕುದಿಯುವ ಸಾರು ಮೈಮೇಲೆ ಬೀಳುವ ಅಪಾಯವೇ ದೊಡ್ಡದು. ಶಿಂದೊ 5 ಮುಟ್ಟಿದರೆ ಗ್ಯಾಸ್ ಮೀಟರ್ ತಾನೇ ಅನಿಲ ನಿಲ್ಲಿಸುತ್ತದೆ. ಆಮೇಲೆ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎಲ್ಲ ಒಲೆ, ಗೀಸರ್ ಬಂದ್ ಮಾಡಿ, ಮೀಟರಿನ ರೀಸೆಟ್ ಗುಂಡಿ ಒತ್ತಿ ಬಿಡಿ. ಕೆಂಪು ದೀಪ ಮಿನುಗುತ್ತದೆ. ಮೂರು ನಿಮಿಷ ಕಾಯಿರಿ, ಆರಿದರೆ ಗ್ಯಾಸ್ ಬಂತು. ಈ ಗುಂಡಿ ಎಲ್ಲಿದೆ ಎಂದು ಮಗಳಿಂದ ಮೊದಲೇ ತೋರಿಸಿಕೊಳ್ಳಿ. ಮನೆ ಬಿಟ್ಟು ಹೋಗಬೇಕಾದರೆ ಕರೆಂಟಿನ ಮೇನ್ ಬ್ರೇಕರ್ ಇಳಿಸಿ ಹೋಗಿ. ಉರುಳಿಬಿದ್ದ ಹೀಟರ್, ಕರೆಂಟು ಮರಳಿದಾಗ ಬೆಂಕಿ ಹಚ್ಚುತ್ತದೆ. ಕೋಬೆಯಲ್ಲಿ ಹಾಗೆ ಹೊತ್ತಿದ ಮನೆಗಳು ಹಲವು.

ನಿಮ್ಮ ಮಾತ್ರೆಗಳ ಬಗ್ಗೆ: ವೈದ್ಯರು ಬರೆದ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚಿಗೆ ಒಯ್ಯಲು ‘ಯುನ್ಯು ಕಕುನಿನ್ ಶೋ’ ಎಂಬ ಅನುಮತಿ ಪತ್ರವನ್ನು ಹೊರಡುವ ಮುನ್ನವೇ ಪಡೆಯಬೇಕು. ಮೂರು ತಿಂಗಳಿಗೆ ಹೊರಟವರಿಗೆ ಅದಿಲ್ಲದೆ ಆಗದು. ವಾರದ ಮಾತ್ರೆ ಯಾವಾಗಲೂ ಕೈಚೀಲದಲ್ಲಿರಲಿ. ಅದೇ ಚೀಲದಲ್ಲಿ ಮಗುವಿಗೆ ಡಯಾಪರ್, ಒರೆಸುವ ಬಟ್ಟೆ, ಒಂದು ಶಾಲು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯಬೇಡಿ, ಮಗಳು ಎದೆಗೆ ಕಟ್ಟಿಕೊಳ್ಳಲಿ. ನಿಮ್ಮ ಕೈ ಕಟಕಟೆ ಹಿಡಿಯಲು ಖಾಲಿಯಿರಬೇಕು. ನಿಮ್ಮ ಶೂ, ಮಗಳ ಶೂ ಎರಡೂ ತೊಟ್ಟಿಲ ಪಕ್ಕದಲ್ಲೇ ಇರಲಿ.